ಪದ ಪರಿಚಯ: ಸ್ಟಾರ್ಟ್‌ಟಿಎಲ್‌ಎಸ್

ಇಮೇಲ್ ಆ್ಯಪ್‌ನ ‘ಔಟ್‌ಗೋಯಿಂಗ್ ಸರ್ವರ್’ ಸೆಟ್ಟಿಂಗ್ಸ್ ತೆರೆದವರಿಗೆ ಈ ಪದ ಎದುರಾಗಿರುತ್ತದೆ. ‘ಸ್ಟಾರ್ಟ್’ ಎಂದರೆ ಶುರು ಮಾಡು. ‘ಟಿಎಲ್‌ಎಸ್’ ಎಂದರೆ ಟ್ರಾನ್ಸ್‌ಪೋರ್ಟ್ ಲೇಯರ್ ಸೆಕ್ಯುರಿಟಿ, ಮಾಹಿತಿಯನ್ನು ಸಾಗುವ ಹಾದಿಯಲ್ಲಿ ಗೂಢಲಿಪಿಯಾಗಿಸುವ ವಿಧಾನ. ಎರಡನ್ನೂ ಬೆಸೆದ ಈ ಪದ ಮೂಲದಲ್ಲಿ ಸರ್ವರ್‌ಗೆ ಕೊಡುವ ಒಂದು ಆಜ್ಞೆ.

ಇಮೇಲ್ ಕಳುಹಿಸುವ ವಿಧಾನವಾದ ಎಸ್‌ಎಂಟಿಪಿಯ 1982ರ ನಿಯಮಾವಳಿಯಲ್ಲಿ ಗೂಢಲಿಪಿಯ ಮಾತೇ ಇರಲಿಲ್ಲ. ಪತ್ರ ಅಂಚೆ ಕಾರ್ಡಿನಂತೆ ಬಯಲಾಗಿಯೇ ಸಾಗುತ್ತಿತ್ತು. 1999ರಲ್ಲಿ ಈ ಆಜ್ಞೆ ನಿಯಮಗಳಿಗೆ ಸೇರಿತು. ಆ್ಯಪ್ ಮೊದಲು ಬಯಲಲ್ಲೇ ಸಂಪರ್ಕಿಸಿ ‘ಸ್ಟಾರ್ಟ್‌ಟಿಎಲ್‌ಎಸ್’ ಎನ್ನುತ್ತದೆ. ಸರ್ವರ್ ‘220’ ಎಂದು ಒಪ್ಪಿದರೆ, ಕೀಲಿ ಹೊಂದಿಸಿಕೊಂಡು ಮುಂದಿನ ಮಾತುಕತೆಯೆಲ್ಲ ಗುಟ್ಟಾಗಿ ನಡೆಯುತ್ತದೆ.

ಬಳಕೆಯಲ್ಲಿ ಎಡವಟ್ಟಾಗುವುದು ಪೋರ್ಟ್ ಸಂಖ್ಯೆಯಲ್ಲಿ. ಸ್ಟಾರ್ಟ್‌ಟಿಎಲ್‌ಎಸ್‌ಗೆ ಸಾಮಾನ್ಯ ಜೋಡಿ 587. ಪೋರ್ಟ್ 465ರಲ್ಲಾದರೆ ಸಂಪರ್ಕ ಶುರುವಾಗುವುದೇ ಟಿಎಲ್‌ಎಸ್‌ನಿಂದ. ಸೆಟ್ಟಿಂಗ್ಸ್‌ನಲ್ಲಿ ಅದಕ್ಕೆ ‘ಎಸ್‌ಎಸ್‌ಎಲ್/ಟಿಎಲ್‌ಎಸ್’ ಎಂಬ ಹೆಸರು. 465ಕ್ಕೆ ಸ್ಟಾರ್ಟ್‌ಟಿಎಲ್‌ಎಸ್ ಆರಿಸಿದರೆ ಆ್ಯಪ್ ಸರ್ವರ್‌ನ ಸ್ವಾಗತಕ್ಕೂ, ಸರ್ವರ್ ಆ್ಯಪ್‌ನ ಟಿಎಲ್‌ಎಸ್ ಆರಂಭಕ್ಕೂ ಕಾಯುತ್ತಾ ಕೂರುತ್ತವೆ, ಕೊನೆಗೆ ‘ಟೈಮ್‌ಔಟ್’. 587ಕ್ಕೆ ‘ಎಸ್‌ಎಸ್‌ಎಲ್/ಟಿಎಲ್‌ಎಸ್’ ಆರಿಸಿದರೆ ‘ರಾಂಗ್ ವರ್ಷನ್ ನಂಬರ್’ನಂಥ ದಾರಿ ತಪ್ಪಿಸುವ ದೋಷಸಂದೇಶ ಬರಬಹುದು. ಮೇಲ್ ಬರುತ್ತಿದ್ದು, ಹೋಗುವುದು ಮಾತ್ರ ನಿಂತಿದ್ದರೆ ಪಾಸ್‌ವರ್ಡ್ ಬದಲಿಸುವ ಮುನ್ನ ಈ ಜೋಡಿ ಸರಿಯಿದೆಯೇ ನೋಡಿ.