ಹವಾಗುಣ ಮಾದರಿಗಳಲ್ಲಿ ಸಸ್ಯವೈವಿಧ್ಯ

ಹವಾಗುಣದ ಮುನ್ನೋಟ ನೀಡುವ ಕಂಪ್ಯೂಟರ್ ಮಾದರಿಗಳಲ್ಲಿ ನೆಲದ ಮೇಲಿನ ಗಿಡಮರಗಳ ಬಗೆಗಳನ್ನು ಲೆಕ್ಕಕ್ಕೆ ತರುವ ಕ್ರಮ. ಎಲೆಯ ಪತ್ರರಂಧ್ರಗಳು ತೆರೆದಾಗ ಇಂಗಾಲದ ಡೈಆಕ್ಸೈಡ್ ಒಳಗೆ ಹೋಗುತ್ತದೆ, ನೀರಾವಿ ಹೊರಗೆ ಬರುತ್ತದೆ. ದಟ್ಟ ಕಾಡು ಹೀರುವಷ್ಟು ಬಿಸಿಲನ್ನು ಒಣಹುಲ್ಲು ಹೀರುವುದಿಲ್ಲ. ಹಾಗಾಗಿ ಸಸ್ಯಗಳನ್ನು ಬಿಟ್ಟು ಮಳೆಯನ್ನಾಗಲೀ ತಾಪಮಾನವನ್ನಾಗಲೀ ಲೆಕ್ಕ ಹಾಕಲಾಗದು.

ಜಗತ್ತಿನಲ್ಲಿ ಸುಮಾರು 3.5 ಲಕ್ಷ ನಾಳಸಸ್ಯ ಪ್ರಭೇದಗಳಿವೆ. ಮಾದರಿಗಳು ಅವನ್ನು ಒಂದೇ ರೀತಿ ವರ್ತಿಸುವ ಸಸ್ಯಗಳ ಬೆರಳೆಣಿಕೆಯ ‘ಕಾರ್ಯಗುಂಪು’ಗಳಿಗೆ ಇಳಿಸುತ್ತವೆ. ಬ್ರಿಟನ್ನಿನ ಜೂಲ್ಸ್ ಮಾದರಿಯಲ್ಲಿ ಮೊದಲಿಗೆ ಇದ್ದದ್ದು ಐದೇ: ಅಗಲ ಎಲೆಯ ಮರ, ಸೂಜಿ ಎಲೆಯ ಮರ, ಸಿ3 ಹುಲ್ಲು, ಸಿ4 ಹುಲ್ಲು (ಇವು ದ್ಯುತಿಸಂಶ್ಲೇಷಣೆಯ ಎರಡು ಬಗೆ), ಪೊದೆ. ಮುಂದೆ ಅವು ಒಂಬತ್ತಾದವು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ನಮ್ಮ ದೇಶದ ಕಾಡುಗಳ ಮುಂದಿನ ಸ್ಥಿತಿಯನ್ನು ಅಂದಾಜಿಸಲು ಬಳಸಿದ ಐಬಿಸ್ ಮಾದರಿಯೂ ಇದೇ ಜಾತಿಯದು.

ಈ ವಿಂಗಡಣೆಯಲ್ಲಿ ಕಳೆದುಹೋಗುವುದು ಬಹಳ. ಬೂರುಗ, ಮತ್ತಿ ಎರಡೂ ಒಣ ಕಾಲದಲ್ಲಿ ಎಲೆ ಉದುರಿಸುವ ಮರಗಳು. ಮಾದರಿಯಲ್ಲಿ ಎರಡೂ ಒಂದೇ. ಕಾಡಿನಲ್ಲಿ ನೋಡಿದರೆ ಬೂರುಗದ ಮರ ಬೆಂಕಿಕಡ್ಡಿಗೆ ಒದಗುವಷ್ಟು ಹಗುರ, ಬೆಳವಣಿಗೆ ಬಿರುಸು. ಮತ್ತಿಯದು ಗಟ್ಟಿ, ಭಾರದ ಮರ. ಮೊಸಳೆಯ ಮೈಯಂತೆ ಬಿರಿದ ಅದರ ದಪ್ಪ ತೊಗಟೆ ಕಾಡಿನ ಬೆಂಕಿಯನ್ನು ತಡೆಯುತ್ತದೆ. ಬರ ಬಂದರೆ, ಬೆಂಕಿ ಬಿದ್ದರೆ ಎರಡರ ಗತಿಯೂ ಒಂದೇ ಆಗಿರುವುದಿಲ್ಲ. ಮಾದರಿಯ ಸರಾಸರಿ ಮರಕ್ಕೆ ಈ ಭೇದ ತಿಳಿಯದು.

ಇದರ ಪರಿಣಾಮವನ್ನು ಅಮೆಜಾನ್ ಕುರಿತ ಅಧ್ಯಯನಗಳಲ್ಲಿ ಕಾಣಬಹುದು. 2000ರಲ್ಲಿ ಪೀಟರ್ ಕಾಕ್ಸ್ ಮತ್ತು ಸಂಗಡಿಗರು ಐದು ಗುಂಪುಗಳ ಮಾದರಿಯಿಂದ, ಈ ಶತಮಾನದಲ್ಲಿ ಅಲ್ಲಿನ ಕಾಡಿನ ದೊಡ್ಡ ಭಾಗ ಒಣಗಿ ನಾಶವಾದೀತು ಎಂಬ ಫಲಿತಾಂಶ ಪಡೆದರು. ಆ ಮಾದರಿ ಮಳೆಯಲ್ಲಿ ತೀವ್ರ ಕುಸಿತ ತೋರಿಸಿದ್ದೂ ಇದಕ್ಕೆ ಕಾರಣ; ಎಲ್ಲ ತಪ್ಪನ್ನೂ ಗುಂಪುಗಳ ಮೇಲೆ ಹೊರಿಸುವುದು ನ್ಯಾಯವಲ್ಲ. 2016ರಲ್ಲಿ ಜರ್ಮನಿಯ ಪಾಟ್ಸ್‌ಡಾಮ್ ಹವಾಗುಣ ಸಂಶೋಧನಾ ಸಂಸ್ಥೆಯ ಬೋರಿಸ್ ಸಾಕ್ಷೆವ್ಸ್ಕಿ ಮತ್ತು ಸಂಗಡಿಗರು ಎಲೆಯ ಆಯುಷ್ಯ, ಮರದ ಸಾಂದ್ರತೆ ಮೊದಲಾದ ಗುಣಗಳನ್ನು ಮಾದರಿಯ ಪ್ರತಿ ಮರಕ್ಕೂ ಬೇರೆಬೇರೆಯಾಗಿ ಕೊಟ್ಟರು. ಆಗ ಹೊಸ ಹವೆಗೆ ಒಗ್ಗದ ಮರಗಳು ಸತ್ತ ಜಾಗದಲ್ಲಿ ಒಗ್ಗುವ ಮರಗಳು ಮೇಲೆದ್ದು, ಕಾಡು ನಿಧಾನವಾಗಿ ಚೇತರಿಸಿಕೊಂಡಿತು.

ಇಂಥ ಮಾದರಿಗಳಿಗೆ ಬೇಕಾದ ಅಳತೆಗಳನ್ನು, 2007ರಲ್ಲಿ ಆರಂಭವಾಗಿ ಜರ್ಮನಿಯ ಯೇನಾದಿಂದ ನಡೆಯುತ್ತಿರುವ ಸಸ್ಯಗುಣಗಳ ಟ್ರೈ ದತ್ತಕೋಶ ಕೂಡಿಸುತ್ತಿದೆ. ಎಲೆಗಳ ಮಾಹಿತಿ ಅಲ್ಲಿ ಧಾರಾಳವಾಗಿದೆ, ಬೇರುಗಳದು ತೀರಾ ವಿರಳ. ಬರಗಾಲದಲ್ಲಿ ಮರಕ್ಕೆ ನೀರು ದಕ್ಕುವುದು ಬೇರಿನ ಆಳದಿಂದ. ಅದನ್ನು ನೇರವಾಗಿ ಅಳೆಯಲು ಮಾತ್ರ ಒಂದೊಂದು ಮರದ ಬುಡವನ್ನೂ ಅಗೆಯಬೇಕಾಗುತ್ತದೆ.