ಅಪ್ಪನ ಮೊದಲ ಕಾರ್ಡು

ನಮ್ಮ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಸಂದರ್ಭದಲ್ಲಿ ಏನಾದರೂ ಬರೆಯಿರಿ ಎಂದು ಅಧ್ಯಕ್ಷರು ಹೇಳಿದರು. ನಾನು ಎಸ್.ಎಸ್.ಎಲ್.ಸಿ. ಓದಿದ ರೈತ, ಲೇಖಕನಲ್ಲ. ಕಿಸಾನ್ ಕ್ರೆಡಿಟ್ ಕಾರ್ಡಿನ ಬಗ್ಗೆ ಕಂಡಿದ್ದನ್ನು, ತಿಳಿದಿದ್ದನ್ನು ಬರೆಯುತ್ತೇನೆ. ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ಪತ್ತು ಅಂದರೆ ನಂಬಿಕೆ. 1904ರಲ್ಲಿ ಸಹಕಾರ ಕಾಯ್ದೆ ಬಂತು. ಮರುವರ್ಷವೇ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ಮುಂದಾಳತ್ವದಲ್ಲಿ ಕೃಷಿ ಪತ್ತಿನ ಸಂಘ ಹುಟ್ಟಿತು. ಆ ಕಾಯ್ದೆಯಲ್ಲಿ ಹಳ್ಳಿ ಸಂಘಗಳ ಸದಸ್ಯರ ಹೊಣೆಗೆ ಮಿತಿ ಇರಲಿಲ್ಲ. ಸಂಘ ಮುಳುಗಿದರೆ ಸಾಲ ಮಾಡದವನೂ ಹೊರಬೇಕಿತ್ತು. ಹಾಗಾಗಿ ಯಾರಿಗೆ ಎಷ್ಟು ಕೊಡಬಹುದೆಂದು ಊರೇ ಅಳೆಯುತ್ತಿತ್ತು.

1998ರಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆ ಬಂತು. ನಮ್ಮಪ್ಪನಿಗೆ 2001ರಲ್ಲಿ ಸಿಕ್ಕಿತು. ಅದು ಪಾಸ್‌ಬುಕ್ಕಿನಂಥದ್ದು. ಫೋಟೋ, ಜಮೀನಿನ ವಿವರ, ಸಾಲದ ಮಿತಿ ಎಲ್ಲ ಅದರಲ್ಲೇ. ಮಿತಿ ನೋಡಿ ಅಪ್ಪ, "ಸ್ವಾಮಿ, ಪಕ್ಕದವರಿಗೂ ನಮಗೂ ಎರಡೆರಡೇ ಎಕರೆ. ನಮಗ್ಯಾಕೆ ಕಮ್ಮಿ?" ಎಂದರು. ಕಾರ್ಯದರ್ಶಿಗಳು, "ಯಜಮಾನ್ರೇ, ಅವರದು ಕಬ್ಬು, ನಿಮ್ದು ರಾಗಿ. ಬೆಳೆ ನೋಡಿ ಲೆಕ್ಕ. ಸರಿಯಾಗಿ ಕಟ್ಕೊಂಡು ಬನ್ನಿ, ಮುಂದೆ ಹೆಚ್ಚು ಮಾಡೋಣ" ಎಂದರು. ನಿಯಮವೂ ಹಾಗೇ ಇತ್ತು. ವರ್ಷ ವರ್ಷ ಪರಿಶೀಲನೆ. ವ್ಯವಹಾರ ಚೆನ್ನಾಗಿದ್ದವರಿಗೆ ಮಿತಿ ಏರಿಸಲು ಅವಕಾಶ.

2003ರ ಬರದಲ್ಲಿ ಬೆಳೆ ಕೈಗೆ ಬರಲಿಲ್ಲ. ಕಂತು ತಪ್ಪಿತು. ಸುಸ್ತಿದಾರರ ಪಟ್ಟಿಯಲ್ಲಿ ಅಪ್ಪನ ಹೆಸರು ಬಂತು. ಅವರು ಸೊಸೈಟಿ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟರು. ಕೊನೆಗೆ ಒಂದು ಜೊತೆ ಎತ್ತು ಮಾರಿ ಅಸಲು, ಬಡ್ಡಿ ಎರಡೂ ತೀರಿಸಿದರು. ಆಮೇಲೆ ಮೂರು ವರ್ಷ ಗಡುವಿಗೆ ಮುಂಚೆಯೇ ಕಟ್ಟಿದ ಮೇಲೆ ಮಿತಿ ಏರಿತು. ಆ ದಿನ ಅಪ್ಪ ಕಾರ್ಡು ತಂದು ದೇವರ ಮುಂದಿಟ್ಟರು.

2012ರ ಪರಿಷ್ಕೃತ ಯೋಜನೆಯಲ್ಲಿ ಲೆಕ್ಕ ಸ್ಪಷ್ಟವಾಯಿತು. ಬೆಳೆ ಸಾಲ 1,00,000 ಅಂದುಕೊಳ್ಳಿ. ಮನೆಖರ್ಚು, ಕೊಯ್ಲಿನ ನಂತರದ ಖರ್ಚಿಗೆ ಶೇ. 10, ಕೃಷಿ ಸಲಕರಣೆಗಳ ರಿಪೇರಿಗೆ ಶೇ. 20 ಸೇರಿ, ವಿಮೆ ಬಿಟ್ಟು, ಮೊದಲ ವರ್ಷದ ಮಿತಿ 1,30,000. ಎರಡನೇ ವರ್ಷ ಶೇ. 10 ಏರಿ 1,43,000. ಹೀಗೆ ಐದು ವರ್ಷ.

ನಮ್ಮ ರಾಜ್ಯದಲ್ಲಿ ಶೂನ್ಯ ಬಡ್ಡಿ ಅಲ್ಪಾವಧಿ ಸಾಲದ ಮಿತಿಯನ್ನು 2023ರ ಬಜೆಟ್ಟಿನಲ್ಲಿ 3 ಲಕ್ಷದಿಂದ 5 ಲಕ್ಷಕ್ಕೆ ಏರಿಸಿದರು. ಆದರೆ ಗಡುವು ಮೀರಿದರೆ ಆ ರಿಯಾಯಿತಿ ಇಲ್ಲ. ಹಾಗಂತ ಕೈಗಡ ತಂದು ಕಟ್ಟಿ, ಮಾರನೇ ದಿನ ಹೊಸ ಸಾಲ ಎತ್ತಿ ಕೈಗಡ ತೀರಿಸುವವರೂ ಇದ್ದಾರೆ. ಪುಸ್ತಕದಲ್ಲಿ ಸಾಲ ತೀರುತ್ತದೆ, ಮನೆಯಲ್ಲಿ ತೀರುವುದಿಲ್ಲ. ಮಿತಿ ಏರಿತೆಂದು ಅಷ್ಟನ್ನೂ ಎತ್ತಬೇಕೆಂದಿಲ್ಲ. ಬೆಳೆ ತೀರಿಸುವಷ್ಟೇ ಎತ್ತೋಣ.

ಈಗ ನಾನು ನಿರ್ದೇಶಕ. ಸುಸ್ತಿದಾರರ ಪಟ್ಟಿ ಓದುವಾಗ ಎತ್ತಿಲ್ಲದ ನಮ್ಮ ಕೊಟ್ಟಿಗೆ ನೆನಪಾಗುತ್ತದೆ. ಕಷ್ಟ ಬಂದವರು ಮುಖ ಮರೆಸಬೇಡಿ, ಗಡುವಿಗೆ ಮುಂಚೆ ಸಂಘಕ್ಕೆ ಬಂದು ಹೇಳಿ. ಇದು ನಮ್ಮದೇ ಸಂಘ.

ಜೈ ಸಹಕಾರ.