ಕಡ್ಡಾಯ ಶಿಕ್ಷಣವೂ ಪಾಲಕರ ಅಧಿಕಾರವೂ: ಮುಧೋಳ ಸೀಮೆಯ ದೃಷ್ಟಿಯಿಂದ

ಶಾಲೆಯ ವ್ಯವಹಾರದಲ್ಲಿ ತಂದೆತಾಯಿಗಳನ್ನು ಮುಧೋಳ, ಜಮಖಂಡಿಗಳ ಕಡೆ ‘ಪಾಲಕರು’ ಎನ್ನುವುದು ವಾಡಿಕೆ; ಹಳೆಯ ಮೈಸೂರಿನಲ್ಲಿ ‘ಪೋಷಕರು’ ಎನ್ನುತ್ತಾರೆ. ಹೆಸರು ಯಾವುದಾದರೂ, ಕಡ್ಡಾಯ ಶಿಕ್ಷಣದ ಕಾನೂನುಗಳಲ್ಲಿ ಈ ವ್ಯಕ್ತಿ ಬಹುಕಾಲ ಕಾಣಿಸಿಕೊಂಡದ್ದು ದಂಡ ತೆರಬೇಕಾದವನಾಗಿ. ಮಗುವನ್ನು ಶಾಲೆಗೆ ಕಳುಹಿಸುವ ಅಥವಾ ಮನೆಯಲ್ಲಿರಿಸಿಕೊಳ್ಳುವ ಅಧಿಕಾರ ಯಾರದೆಂಬ ಪ್ರಶ್ನೆಯನ್ನು ಈ ಸೀಮೆಯನ್ನು ಮುಂದಿರಿಸಿಕೊಂಡು ಇಲ್ಲಿ ಪರಿಶೀಲಿಸಬಯಸುತ್ತೇವೆ.

ಘೋರ್ಪಡೆ ಮನೆತನದ ಮುಧೋಳವೂ ಪಟವರ್ಧನರ ಜಮಖಂಡಿಯೂ ದಕ್ಷಿಣ ಮರಾಠಾ ಸಂಸ್ಥಾನಗಳಾಗಿದ್ದು 1948ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನಗೊಂಡವು. ಜನರ ಮಾತು ಕನ್ನಡ. ದರಬಾರಿನಲ್ಲಿ ನಡೆದದ್ದು ಮರಾಠಿ. ಈ ಭಾಗದ ಪಾಲಕರ ‘ಅನಾಸ್ಥೆ’ಯನ್ನು ಕುರಿತು ಬರೆಯುವವರು ಈ ಒಂದು ಸಂಗತಿಯನ್ನು ಮರೆಯುವುದುಂಟು.

ಕಡ್ಡಾಯದ ವಿಚಾರ ನೆರೆಯ ಸಂಸ್ಥಾನಗಳಿಗೆ ಹೊಸತಾಗಿರಲಿಲ್ಲ. ಬಡೋದೆಯ ಸಯಾಜಿರಾವ್ ಗಾಯಕವಾಡರು 1893ರಲ್ಲಿ ಅಮರೇಲಿ ಭಾಗದಲ್ಲಿ ಪ್ರಯೋಗಿಸಿ, 1906ರಲ್ಲಿ ಅದನ್ನು ರಾಜ್ಯಕ್ಕೆಲ್ಲ ವಿಸ್ತರಿಸಿದರು. ಕೊಲ್ಹಾಪುರದ ಶಾಹೂ ಮಹಾರಾಜರು 1917ರಲ್ಲಿ ಅದೇ ದಾರಿ ಹಿಡಿದರು. ಮೈಸೂರಿನಲ್ಲಿ ವಿಶ್ವೇಶ್ವರಯ್ಯನವರ ದಿವಾನಗಿರಿಯ ಕಾಲದಲ್ಲಿ, 1913ರಲ್ಲಿ, ಪ್ರಾಥಮಿಕ ಶಿಕ್ಷಣದ ರೆಗ್ಯುಲೇಷನ್ ಬಂದಿತು. ಬ್ರಿಟಿಷ್ ಇಂಡಿಯಾದಲ್ಲಿ ಮಾತ್ರ ಗೋಖಲೆಯವರು 1911ರ ಮಾರ್ಚಿಯಲ್ಲಿ ಮಂಡಿಸಿದ ಮಸೂದೆ ಮರುವರ್ಷ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. ಆ ಮಸೂದೆ ಪಾಲಕನ ಮೇಲೆ ಕಣ್ಣುಮುಚ್ಚಿ ಏರಿ ಹೋಗುವಂಥದಾಗಿರಲಿಲ್ಲ. ಕಾಯಿಲೆ, ಮನೆಯ ಅನಿವಾರ್ಯ, ಬೇಸಾಯದ ಹಂಗಾಮು ಇವನ್ನು ಗೈರುಹಾಜರಿಗೆ ತಕ್ಕ ಕಾರಣಗಳೆಂದು ಗೋಖಲೆಯವರು ಒಪ್ಪಿದ್ದರು. ತರುವಾಯದ ಎಷ್ಟೋ ಅಧಿಕಾರಿಗಳಿಗಿಂತ ಅವರು ರೈತನ ಮನೆಯನ್ನು ಚೆನ್ನಾಗಿ ಬಲ್ಲವರೆಂದು ನಮಗೆ ತೋರುತ್ತದೆ.

ಮುಂಬಯಿಯ 1918, 1923, 1947ರ ಶಾಸನಗಳು, 1956ರ ಏಕೀಕರಣದ ಮೇಲೆ ಬಂದ ಮೈಸೂರಿನ 1961ರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಶಾಸನ — ಇವುಗಳ ವಿವರ ಇಲ್ಲಿ ಬೇಡ. ಇಂಥ ಕಾನೂನುಗಳ ನಡೆ ಸಾಮಾನ್ಯವಾಗಿ ಒಂದೇ: ಮಕ್ಕಳ ಯಾದಿ, ಪಾಲಕನಿಗೆ ಹಾಜರಿಯ ಆಜ್ಞೆ, ಮೀರಿದರೆ ಜುಲ್ಮಾನೆ.

ಆದರೆ ರಬಕವಿ-ಬನಹಟ್ಟಿಯ ನೇಕಾರನ ಮನೆಯಲ್ಲಿ ಮಗು ಕಂಡಿಕೆ ಸುತ್ತುವುದು ಕೂಲಿಯೆನಿಸದು. ಅದು ಮನೆಗೆಲಸ, ಕುಲಕಸುಬಿನ ಮೊದಲ ಪಾಠ. ಮಗ್ಗ ನಿಂತರೆ ಒಲೆಯೂ ನಿಲ್ಲುವ ಮನೆಯಲ್ಲಿ ಆಜ್ಞೆಯ ಚೀಟಿಗೆ ಎಷ್ಟು ಬೆಲೆ? ಘಟಪ್ರಭೆಯ ದಂಡೆಯ ಕಬ್ಬಿನ ಕಟಾವು ಶಾಲೆಯ ವರ್ಷದ ನಡುವೆಯೇ ಬರುತ್ತದೆ. ಕಟಾವಿಗೆಂದು ಊರು ಬಿಟ್ಟ ಕುಟುಂಬದ ಹಿಂದೆ ಮಗುವೂ ಹೊರಡುತ್ತದೆ. ಅದರ ಹೆಸರು ಮಾತ್ರ ಹಾಜರಿ ಪಟ್ಟಿಯಲ್ಲಿ ಉಳಿಯುತ್ತದೆ.

ಕಾನೂನಿಗೂ ಈ ತೊಡಕು ತಿಳಿದಿತ್ತು. 1986ರ ಬಾಲಕಾರ್ಮಿಕ ಶಾಸನವು ನೇಯ್ಗೆಯನ್ನು ಮಕ್ಕಳಿಗೆ ನಿಷಿದ್ಧವಾದ ಕೆಲಸಗಳಲ್ಲಿ ಸೇರಿಸಿ, ಕುಟುಂಬದವರೇ ಸೇರಿ ನಡೆಸುವ ಕಾರ್ಖಾನೆಗೆ ಆ ನಿಷೇಧದಿಂದ ವಿನಾಯಿತಿ ಕೊಟ್ಟಿತು. ಪರರ ಮಗ್ಗದ ಮುಂದೆ ಅಪರಾಧವಾದದ್ದು ಅಪ್ಪನ ಮಗ್ಗದ ಮುಂದೆ ಅಪರಾಧವಲ್ಲ! ಪಾಲಕರ ಅಧಿಕಾರ ಇಷ್ಟು ನಿಚ್ಚಳವಾಗಿ ಒಪ್ಪಿತವಾದ ಸ್ಥಳ ಬೇರೊಂದು ನಮಗೆ ಕಂಡಿಲ್ಲ. ವಿಚಿತ್ರವೆಂದರೆ ಅದು ಒಪ್ಪಿತವಾದದ್ದು ಮಗುವಿನ ಓದಿಗೆ ಅತ್ಯಂತ ತೊಡಕಾಗುವ ಎಡೆಯಲ್ಲಿಯೇ.

2002ರ ಸಂವಿಧಾನ ತಿದ್ದುಪಡಿಯಿಂದ ಆರರಿಂದ ಹದಿನಾಲ್ಕು ವರ್ಷದ ಮಕ್ಕಳಿಗೆ ಶಿಕ್ಷಣವೇ ಮೂಲಭೂತ ಹಕ್ಕಾಯಿತು. 2009ರ ಶಾಸನ ಮಗುವನ್ನು ಶಾಲೆಗೆ ಸೇರಿಸುವುದನ್ನು ಪಾಲಕರ ಕರ್ತವ್ಯವೆಂದಿತು, ಆದರೆ ತಪ್ಪಿದವರಿಗೆ ದಂಡವನ್ನು ವಿಧಿಸಲಿಲ್ಲ. ಕಡ್ಡಾಯವೆಂಬ ಪದದ ಭಾರ ಸರಕಾರದ ಹೆಗಲಿಗೆ ಜಾರಿತು. ಅಷ್ಟೇ ಅಲ್ಲ, ಸರಕಾರಿ ಶಾಲೆಯ ಆಡಳಿತ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ವಿಧಿಸಿತು. ಹಿಂದೆ ಆಜ್ಞೆಯ ಚೀಟಿ ಪಡೆಯುತ್ತಿದ್ದ ಮನೆಯ ತಾಯಿ ಈಗ ಶಾಲೆಯ ಲೆಕ್ಕ ಕೇಳಬಲ್ಲಳು. ದಿನದ ಕೂಲಿ ಬಿಟ್ಟು ಆ ಸಭೆಗೆ ಬರುವುದು ಅವಳಿಗೆ ಸುಲಭವಲ್ಲವೆಂಬುದು ಬೇರೆ ಮಾತು.

ಮಗ್ಗದ ವಿನಾಯಿತಿಯೂ 2016ರಲ್ಲಿ ಬದಲಾಯಿತು: ಅಪಾಯಕರವಲ್ಲದ ಮನೆಯ ಕಸುಬಿನಲ್ಲಿ ಮಗು ನೆರವಾಗಬಹುದು, ಆದರೆ ಶಾಲೆ ಬಿಟ್ಟ ಮೇಲೆ ಅಥವಾ ಸೂಟಿಯಲ್ಲಿ ಮಾತ್ರ. ಕಂಡಿಕೆ ಸುತ್ತುವ ಕೈ ಯಾವ ಗಳಿಗೆಯಲ್ಲಿ ಸುತ್ತಿತೆಂಬುದನ್ನು ನೋಡಬೇಕಾದವರು ಮತ್ತೆ ಮನೆಯ ಹಿರಿಯರೇ ಆಗಿದ್ದಾರೆ.